ಲೆಕ್ಕ ಇಟ್ಟವರು ಯಾರು?

ಈಚಿನ ಸ್ಪ್ಯಾನಿಷ್ ಕಥನದ ಬಗ್ಗೆ ಯಾರೇ ಬರೆಯಲಿ, ರೊಬೆರ್ತೊ ಬೊಲಾನ್ಯೊನ ‘2666’ ಕಾದಂಬರಿಯ ನಾಲ್ಕನೆಯ ಭಾಗಕ್ಕೆ ಬಂದ ಕೂಡಲೇ ವಿಮರ್ಶೆ ನಿಂತು ಭಕ್ತಿ ಶುರುವಾಗುತ್ತದೆ. ‘ಅಪರಾಧಗಳ ಭಾಗ’ ಎಂಬ ಆ ಸುಮಾರು 350 ಪುಟಗಳಲ್ಲಿ ನೂರಕ್ಕೂ ಹೆಚ್ಚು ಹೆಂಗಸರ ಹೆಣಗಳು ಒಂದಾದ ಮೇಲೊಂದರಂತೆ ಸಿಗುತ್ತ ಹೋಗುತ್ತವೆ. ಒಂದೊಂದಕ್ಕೂ ಒಂದೊಂದು ಒಣ ವರದಿ. ಇದನ್ನು ಹೊಗಳುವವರೆಲ್ಲ ಬಳಸುವ ಮಾತುಗಳು ಸವೆದು ನುಣುಪಾಗಿವೆ: ಬೊಲಾನ್ಯೊ ಸತ್ತವರಿಗೆ ಹೆಸರು ಮರಳಿಸಿದ, ಲೋಕ ಮರೆತ ಹೆಣ್ಣುಮಕ್ಕಳಿಗೆ ಸ್ಮಾರಕ ಕಟ್ಟಿದ, ಓದುಗನನ್ನು ಸಾಕ್ಷಿಯಾಗಿ ನಿಲ್ಲಿಸಿದ. ಈ ಮೂರೂ ಮಾತುಗಳು ಕೃತಿಯನ್ನು ಸರಿಯಾಗಿ ಓದದೆ ಆಡಿದವು ಎಂದು ನನಗೆ ಅನ್ನಿಸುತ್ತದೆ. ನಾಲ್ಕನೆಯ ಭಾಗ ಪೊಲೀಸ್ ಕಡತದ ಮೇಲೆ ಹೊರಿಸಿದ ಆರೋಪಪಟ್ಟಿಯಾಗಿ ಅಸಾಧಾರಣವಾದದ್ದು, ಅದನ್ನು ಅಲ್ಲಗಳೆಯುವ ಹುಚ್ಚುತನ ನನಗಿಲ್ಲ. ಆದರೆ ಅದು ಶೋಕವಲ್ಲ. ಯಾವ ಕಡತವನ್ನು ದೂರುತ್ತದೆಯೋ ಅದೇ ಕಡತದೊಳಗೆ ಕೂತು ಅದು ಬರೆಯುತ್ತದೆ, ಮತ್ತು ಒಮ್ಮೆಯೂ ಹೊರಬರುವುದಿಲ್ಲ. ಈ ಮಿತಿಯನ್ನು ನಾವು ಹಿರಿಮೆಯೆಂದು ಎಣಿಸಿಬಿಟ್ಟಿದ್ದರಿಂದ, ಆ ಕಡತದ ಆಚೆಗೆ ಹೋದ ಮೆಕ್ಸಿಕೊದ ಬರಹಗಾರ್ತಿಯರನ್ನು ಅವನ ಅನುಯಾಯಿಗಳಂತೆ ಓದುವ ಅಭ್ಯಾಸ ಬೆಳೆದಿದೆ.

ಹಿನ್ನೆಲೆ ಓದುಗರಿಗೆ ಗೊತ್ತಿರುವಂಥದ್ದೇ. ಚಿಲಿಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಮೆಕ್ಸಿಕೊ ನಗರಕ್ಕೆ ಬಂದು, 1977ರಲ್ಲಿ ಸ್ಪೇನ್ ಸೇರಿದ ಬೊಲಾನ್ಯೊ 2003ರ ಜುಲೈಯಲ್ಲಿ, ಐವತ್ತನೆಯ ವಯಸ್ಸಿಗೆ, ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡ. ಐದು ಭಾಗಗಳನ್ನು ಐದು ಪುಸ್ತಕಗಳಾಗಿ ತಂದರೆ ಮಕ್ಕಳಿಗೆ ಆಸರೆಯಾದೀತೆಂದು ಅವನು ಬಯಸಿದ್ದರೂ 2004ರಲ್ಲಿ ಬಾರ್ಸಿಲೋನಾದ ಅನಾಗ್ರಾಮಾ ಪ್ರಕಾಶನ ‘2666’ ಅನ್ನು ಒಂದೇ ಸಂಪುಟವಾಗಿ, ಸಾವಿರದ ನೂರಕ್ಕೂ ಹೆಚ್ಚು ಪುಟಗಳಲ್ಲಿ ತಂದಿತು. 2008ರಲ್ಲಿ ನಟಾಶಾ ವಿಮರ್ ಅವರ ಇಂಗ್ಲಿಷ್ ಅನುವಾದ ಬಂತು. ಅಮೆರಿಕದ ರಾಷ್ಟ್ರೀಯ ಪುಸ್ತಕ ವಿಮರ್ಶಕರ ವಲಯದ ಆ ವರ್ಷದ ಪ್ರಶಸ್ತಿಯೂ ಅದಕ್ಕೇ ಸಂದಿತು. ಕಾದಂಬರಿಯ ಸಾಂತಾ ತೆರೆಸಾ ಎಂಬ ಊರು ಅಮೆರಿಕದ ಗಡಿಗೆ ಅಂಟಿಕೊಂಡಿರುವ ಸಿಯುದಾದ್ ಹ್ವಾರೆಸ್‌ನ ಕಲ್ಪಿತ ರೂಪ. ಚಿವಾವಾ ರಾಜ್ಯದಿಂದ ಅದನ್ನು ಎತ್ತಿ ಸೊನೋರಾದಲ್ಲಿ ಇಟ್ಟಿದ್ದಾನೆ. 1993ರಿಂದ ಹ್ವಾರೆಸ್‌ನಲ್ಲಿ ಹೆಂಗಸರ, ಅದರಲ್ಲೂ ಮಕಿಲಾದೊರಾ ಎಂದು ಕರೆಯುವ ರಫ್ತು ಕಾರ್ಖಾನೆಗಳಲ್ಲಿ ದುಡಿಯುವ ಬಡ ಹುಡುಗಿಯರ ಕೊಲೆಗಳು ಸಾಲುಸಾಲಾಗಿ ಬೆಳಕಿಗೆ ಬಂದವು. ಮೆಕ್ಸಿಕೊದ ಪತ್ರಕರ್ತ ಸೆರ್ಹಿಯೊ ಗೊನ್ಸಾಲೆಸ್ ರೊದ್ರಿಗೆಸ್ ಜೀವದ ಹಂಗು ತೊರೆದು ಅವುಗಳ ಬೆನ್ನು ಹತ್ತಿದರು. 2002ರ ಅವರ ‘ಮರುಭೂಮಿಯಲ್ಲಿ ಮೂಳೆಗಳು’ ಎಂಬ ಪುಸ್ತಕ ಮತ್ತು ಅವರೊಂದಿಗಿನ ಪತ್ರವ್ಯವಹಾರ ಬೊಲಾನ್ಯೊಗೆ ಆಕರಗಳಾದವು. ಋಣವನ್ನು ಅವನು ಮುಚ್ಚಿಡಲಿಲ್ಲ. ಅವರನ್ನೇ ಕಾದಂಬರಿಯೊಳಗೆ ಪಾತ್ರವಾಗಿ ತಂದ.

ಇನ್ನು ನಾಲ್ಕನೆಯ ಭಾಗದ ಮೊದಲ ಪುಟ. ಸಮಕಾಲೀನ ಕಥನದಲ್ಲಿ ಇಷ್ಟು ಎಚ್ಚರದಿಂದ ಕಟ್ಟಿದ ಪುಟಗಳು ಕಡಿಮೆ. ಕೊಲೊನಿಯಾ ಲಾಸ್ ಫ್ಲೋರೆಸ್ ಎಂಬ ಬಡಾವಣೆಯ ಖಾಲಿ ಜಾಗದಲ್ಲಿ ಹುಡುಗಿಯೊಬ್ಬಳ ಹೆಣ. ತುಂಬುತೋಳಿನ ಬಿಳಿ ಅಂಗಿ, ಮೊಣಕಾಲಿನವರೆಗಿನ ಹಳದಿ ಲಂಗ. ಲಂಗ ಅವಳ ಅಳತೆಗೆ ತುಸು ದೊಡ್ಡದು. ಆಟವಾಡುತ್ತಿದ್ದ ಮಕ್ಕಳು ನೋಡಿ ಮನೆಯಲ್ಲಿ ಹೇಳುತ್ತಾರೆ, ಯಾರೋ ಒಬ್ಬ ತಾಯಿ ಪೊಲೀಸರಿಗೆ ಫೋನು ಮಾಡುತ್ತಾಳೆ. ಗಸ್ತು ಕಾರು ಬರುವ ಹೊತ್ತಿಗೆ ಅಲ್ಲಿ ತಲೆಗೆ ಬಟ್ಟೆ ಹೊದ್ದ ಇಬ್ಬರು ಹೆಂಗಸರು ಕಳೆಗಿಡಗಳ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾರೆ. ದೂರದಿಂದ ಮುದುಕಿಯರಂತೆ ಕಾಣುತ್ತಾರೆ, ಅಲ್ಲ. ಇವಳು ಯಾರೆಂದು ಗೊತ್ತೇ ಎಂದು ಪೊಲೀಸಿನವನು ಕೇಳಿದರೆ ಗೊತ್ತಿಲ್ಲ, ಈ ಕಡೆಯವಳಲ್ಲ, ಪಾಪ ಎನ್ನುತ್ತಾರೆ. ಅಷ್ಟೇ. ಆಮೇಲೆ ನಿರೂಪಣೆ ಪೊಲೀಸರ ಕಾರು ಹತ್ತಿಕೊಂಡು ಹೋಗುತ್ತದೆ. ಶವಪರೀಕ್ಷೆ, ಕತ್ತು ಹಿಸುಕಿದ ಗುರುತು, ಹೆಸರು ಎಸ್ಪೆರಾನ್ಸಾ ಗೋಮೆಸ್ ಸಾಲ್ದಾನ್ಯಾ, ವಯಸ್ಸು ಹದಿಮೂರು. ಆ ಇಬ್ಬರು ಹೆಂಗಸರು ಮತ್ತೆ ಬರುವುದಿಲ್ಲ. ಯಾರೆಂದು ಗೊತ್ತಿಲ್ಲದ ಹುಡುಗಿಗಾಗಿ ಮಂಡಿಯೂರಿದವರು ಈ ಪುಟದಲ್ಲಿ ಇದ್ದರು. ಶೋಕ ಇಲ್ಲಿ ಪೊಲೀಸರಿಗಿಂತ ಮೊದಲೇ ಬಂದು ಕೂತಿತ್ತು. ಅದರ ಜೊತೆ ಕೂರುವುದೋ, ವರದಿಯ ಹಿಂದೆ ಹೋಗುವುದೋ ಎಂಬ ಆಯ್ಕೆ ಎದುರಾದಾಗ ಬೊಲಾನ್ಯೊ ವರದಿಯ ಹಿಂದೆ ಹೋದ, ಮತ್ತು ಮುಂದಿನ ಮುನ್ನೂರೈವತ್ತು ಪುಟಗಳ ದಾರಿ ಅಲ್ಲೇ ತೀರ್ಮಾನವಾಯಿತು.

ಅದೇ ಪುಟದಲ್ಲಿ ಇನ್ನೊಂದು ತೀರ್ಮಾನವೂ ಇದೆ. ಇದು 1993ರ ಜನವರಿಯ ಮಾತು, ಹೆಂಗಸರ ಕೊಲೆಗಳ ಎಣಿಕೆ ಶುರುವಾದದ್ದು ಇಲ್ಲಿಂದ ಎಂದು ನಿರೂಪಕ ಹೇಳುತ್ತಾನೆ. 1992ರಲ್ಲೂ ಬೇರೆಯವರು ಸತ್ತಿರಬೇಕು, ಪಟ್ಟಿಗೆ ಸಿಗದೆ ಮರಳಿನಲ್ಲಿ ಉಳಿದವರೂ ಇರಬೇಕು, ಅನುಕೂಲಕ್ಕಾಗಿ ಇವಳಿಂದ ಆರಂಭ ಎಂದೂ ಒಪ್ಪಿಕೊಳ್ಳುತ್ತಾನೆ. ಈ ಪ್ರಾಮಾಣಿಕತೆಯನ್ನು ವಿಮರ್ಶಕರು ಬಹಳ ಮೆಚ್ಚಿದ್ದಾರೆ. ನಾನು ಕೇಳುವುದು ಒಂದೇ: ಎಣಿಕೆ ತಾನಾಗಿ ಶುರುವಾಯಿತೇ? ಮಳೆ ಶುರುವಾದ ಹಾಗೆ? ಹ್ವಾರೆಸ್‌ನಲ್ಲಿ ಎಣಿಸಿದವರಿಗೆ ಮುಖವಿತ್ತು. ಅಲ್ಲಿನ ಎಸ್ತೆರ್ ಚಾವೆಸ್ ಕಾನೊ ಎಂಬ ಮಹಿಳೆ, ವೃತ್ತಿಯಿಂದ ಲೆಕ್ಕಪತ್ರದವರು, 1993ರಿಂದ ಪತ್ರಿಕೆಗಳ ಮೂಲೆಯ ಸುದ್ದಿಗಳನ್ನು ಕತ್ತರಿಸಿ ಇಟ್ಟು ಕೊಲೆಯಾದವರ ಪಟ್ಟಿ ಬೆಳೆಸಿದರು. ಬಿಡಿಬಿಡಿಯಾಗಿ ಮುಚ್ಚಿಹೋಗುತ್ತಿದ್ದ ಪ್ರಕರಣಗಳನ್ನು ಒಂದೇ ಸರಣಿಯಾಗಿ ನೋಡಬೇಕೆಂದು ಅಧಿಕಾರಿಗಳ ಮುಂದೆ ಇಟ್ಟದ್ದು ಅಂಥ ಪಟ್ಟಿಗಳು. 1999ರಲ್ಲಿ ಅವರು ದೌರ್ಜನ್ಯಕ್ಕೆ ಗುರಿಯಾದ ಹೆಂಗಸರಿಗಾಗಿ ‘ಕಾಸಾ ಅಮಿಗಾ’ ಎಂಬ ಆಸರೆಯ ಕೇಂದ್ರವನ್ನೂ ತೆರೆದರು. ಕೊಲೆಯಾದವರ ತಾಯಂದಿರು ಬೀದಿ ದೀಪದ ಕಂಬಗಳ ಮೇಲೆ ಗುಲಾಬಿ ಬಣ್ಣದ ಮೇಲೆ ಕಪ್ಪು ಶಿಲುಬೆ ಬಳಿದರು. 2001ರಲ್ಲಿ ಹತ್ತಿ ಹೊಲವೊಂದರಲ್ಲಿ ಎಂಟು ಹೆಣ್ಣುಮಕ್ಕಳ ಶವ ಸಿಕ್ಕಾಗ, ಅವರಲ್ಲಿ ಮೂವರ ತಾಯಂದಿರು ಹೋರಾಟವನ್ನು ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಒಯ್ದರು. 2009ರ ನವೆಂಬರಿನಲ್ಲಿ ಆ ನ್ಯಾಯಾಲಯ ಮೆಕ್ಸಿಕೊ ಸರ್ಕಾರವನ್ನೇ ಹೊಣೆ ಮಾಡಿತು. ಲೆಕ್ಕ ಇಡುವುದು ಅಲ್ಲಿ ಒಂದು ಕ್ರಿಯೆ, ಅದಕ್ಕೆ ಕರ್ತೃಗಳಿದ್ದರು, ಅವರು ಹೆಂಗಸರು. ಕಾದಂಬರಿ ಆ ಕರ್ತೃವನ್ನು ಅಳಿಸಿ, ಪಟ್ಟಿಯನ್ನು ಯಾರೂ ಬರೆಯದ, ಆಕಾಶದಿಂದ ಇಳಿದ ದಾಖಲೆಯಂತೆ ನಮ್ಮ ಮುಂದೆ ಇಡುತ್ತದೆ. ಸೊನೋರಾದ ಮಹಿಳಾ ಸಂಘಟನೆಯೊಂದು ಅಲ್ಲಲ್ಲಿ ಬಂದು ಪ್ರತಿಭಟಿಸುವುದು ನಿಜ. ಆದರೆ ಕಥೆಯಲ್ಲಿ ಅವರು ಸುದ್ದಿಯಾಗುತ್ತಾರೆ, ಸುದ್ದಿ ಬರೆಯುವವರಾಗುವುದಿಲ್ಲ.

ಇದು ಕಾದಂಬರಿ, ಹ್ವಾರೆಸ್‌ನ ಚರಿತ್ರೆಯನ್ನು ಯಥಾವತ್ತಾಗಿ ಒಪ್ಪಿಸುವ ಹಂಗು ಅದಕ್ಕಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಒಪ್ಪಿದೆ. ಆದರೆ ಹಾಗಾದರೆ ‘ಸತ್ತವರಿಗೆ ಹೆಸರು ಮರಳಿಸಿದ’ ಎಂಬ ಹೊಗಳಿಕೆಯನ್ನೂ ಬಿಟ್ಟುಕೊಡಬೇಕಾಗುತ್ತದೆ. ಏಕೆಂದರೆ ನಾಲ್ಕನೆಯ ಭಾಗದ ಹೆಸರುಗಳು ಕಲ್ಪಿತ. ನಿಜವಾದ ಹೆಸರುಗಳಿರುವುದು ಗೊನ್ಸಾಲೆಸ್ ರೊದ್ರಿಗೆಸ್ ಅವರ ಪುಸ್ತಕದಲ್ಲಿ, ತಾಯಂದಿರ ಫಲಕಗಳಲ್ಲಿ, ನ್ಯಾಯಾಲಯದ ತೀರ್ಪಿನಲ್ಲಿ. ಕಾದಂಬರಿಕಾರ ಹೆಸರು ಬದಲಿಸಿದ್ದು ತಪ್ಪಲ್ಲ, ಅದು ಅವನ ಹಕ್ಕು. ಅದರಲ್ಲಿ ಒಂದು ಸಂಕೋಚವೂ ಇರಬಹುದು. ಆದರೆ ಕಲ್ಪನೆಯ ಸ್ವಾತಂತ್ರ್ಯವನ್ನೂ ದಾಖಲೆಯ ಪುಣ್ಯವನ್ನೂ ಒಂದೇ ಕೃತಿಗೆ, ಒಂದೇ ಉಸಿರಿನಲ್ಲಿ ಕೊಡುವುದು ವಿಮರ್ಶೆಯ ಸೋಮಾರಿತನ. ಕಲ್ಪಿತ ಕೃತಿಯೆಂದು ಒಪ್ಪಿದ ಮೇಲೆ ಕಲ್ಪನೆಯನ್ನು ಎಲ್ಲಿ ಖರ್ಚು ಮಾಡಲಾಗಿದೆ, ಎಲ್ಲಿ ಬಿಗಿಹಿಡಿಯಲಾಗಿದೆ ಎಂದು ಕೇಳುವುದು ಓದುಗನ ಹಕ್ಕಾಗುತ್ತದೆ.

ಆ ಲೆಕ್ಕ ತೆಗೆದರೆ ಸಿಗುವುದು ಇದು. ಸತ್ತವಳ ಬಗೆಗಿನ ಒಂದೊಂದು ತುಣುಕಿಗೂ ಒಂದು ನಿಶ್ಚಿತ ಕ್ರಮವಿದೆ, ನಮ್ಮ ಠಾಣೆಗಳ ಶವಮಹಜರಿಗೆ ಇರುವ ಹಾಗೆ: ಹೆಣ ಸಿಕ್ಕ ಜಾಗ, ಮೈಮೇಲಿನ ಬಟ್ಟೆ, ಗಾಯ, ಅತ್ಯಾಚಾರದ ಕುರುಹು, ಮುರಿದ ಕೊರಳಿನ ಮೂಳೆ, ಗುರುತು ಹಿಡಿದವರು, ಒಂದೆರಡು ವಿಚಾರಣೆ, ಮುಚ್ಚಿದ ಫೈಲು. ಅವಳು ಯಾವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ಯಾವ ಊರಿಂದ ವಲಸೆ ಬಂದಳು ಎಂಬುದು ಹಲವೆಡೆ ಬರುತ್ತದೆ, ಕೆಲವೆಡೆ ವಿವರವಾಗಿಯೇ ಬರುತ್ತದೆ; ಗಂಡನೋ ಪ್ರಿಯಕರನೋ ಕೊಂದದ್ದು ಬಯಲಾಗಿ ತೀರ್ಮಾನವಾದ ಪ್ರಕರಣಗಳೂ ಇವೆ. ಆದರೆ ಇವೆಲ್ಲ ಹೆಣದಿಂದ ಹಿಮ್ಮುಖವಾಗಿ ಹೊರಟು ತಲುಪುವ ಸಂಗತಿಗಳು. ಬದುಕಿದ್ದವಳು ಕಥೆಯ ವರ್ತಮಾನದಲ್ಲಿ ಒಂದು ಬಾಗಿಲು ತೆರೆಯುವುದಿಲ್ಲ, ಒಂದು ಮಾತಿಗೆ ಎದುರುತ್ತರ ಕೊಡುವುದಿಲ್ಲ, ಮುಂದೇನು ಮಾಡುತ್ತಾಳೆಂದು ನಾವು ಕಾಯುವುದಿಲ್ಲ. ಕಾಯುವುದು ಗಂಡಸರಿಗಾಗಿ. ಚರ್ಚುಗಳಿಗೆ ನುಗ್ಗಿ ಉಚ್ಚೆ ಹೊಯ್ದು ವಿಗ್ರಹ ಒಡೆಯುವವನು ಸಿಕ್ಕಿಬೀಳುತ್ತಾನೆಯೇ? ತನಿಖಾಧಿಕಾರಿ ಹ್ವಾನ್ ದೆ ದಿಯೋಸ್ ಮಾರ್ತಿನೆಸ್‌ಗೆ ಮನೋರೋಗಿಗಳ ಆಸ್ಪತ್ರೆಯ ಮುಖ್ಯಸ್ಥೆಯ ಮೇಲಿನ ಪ್ರೀತಿ ದಕ್ಕುತ್ತದೆಯೇ? ಎಳೆಯ ಪೊಲೀಸ್ ಲಾಲೊ ಕೂರಾ ಉಳಿಯುತ್ತಾನೆಯೇ? ಗಡಿಯಾಚೆಯಿಂದ ಬಂದ ಹ್ಯಾರಿ ಮಗಾನ್ಯಾ ಎಲ್ಲಿ ಕಾಣೆಯಾದ? ಜೈಲಿನಲ್ಲಿ ಪತ್ರಿಕಾಗೋಷ್ಠಿ ನಡೆಸುವ ಕ್ಲೌಸ್ ಹಾಸ್ ತಪ್ಪಿತಸ್ಥನೇ? ಕುತೂಹಲ ಎಂಬುದು ಕಾದಂಬರಿಕಾರನ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ಸಾಮಗ್ರಿ. ನಾಲ್ಕನೆಯ ಭಾಗದಲ್ಲಿ ಅದನ್ನು ಹಂಚಿರುವ ರೀತಿ ನೋಡಿದರೆ, ಹುಡುಕುವ ಗಂಡಸರಿಗೆ ಭವಿಷ್ಯತ್ಕಾಲ, ಸತ್ತ ಹೆಂಗಸರಿಗೆ ಭೂತಕಾಲ.

ಈ ಮಾತಿಗೆ ಸಿದ್ಧವಾಗಿರುವ ಉತ್ತರ ನನಗೆ ಗೊತ್ತಿದೆ. ಅದೆಲ್ಲ ಉದ್ದೇಶಪೂರ್ವಕ, ವಿಗ್ರಹಭಂಜಕನ ಹಿಂದೆ ಪೊಲೀಸರು ಓಡುವುದನ್ನು ತೋರಿಸಿ, ಅದೇ ಕುತೂಹಲವನ್ನು ಓದುಗನಲ್ಲೂ ಹುಟ್ಟಿಸಿ, ಅವನ ನಿರ್ಲಕ್ಷ್ಯವನ್ನು ಅವನಿಗೇ ತೋರಿಸುವುದು ಬೊಲಾನ್ಯೊನ ತಂತ್ರ ಎನ್ನುತ್ತಾರೆ. ವಿಗ್ರಹಗಳಿಗೆ ಆದ ಅವಮಾನ ಹುಡುಗಿಯರ ಹೆಣಗಳಿಗಿಂತ ದೊಡ್ಡ ಸುದ್ದಿಯಾಗುವ ವ್ಯಂಗ್ಯ ಮೊದಲ ಐವತ್ತು ಪುಟಗಳಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಈ ಸಮರ್ಥನೆಯ ತೊಡಕು ಬೇರೆ: ಅದರ ಕೈಯಲ್ಲಿ ಯಾವ ದೋಷವೂ ದೋಷವಾಗಿ ಉಳಿಯುವುದಿಲ್ಲ. ಬೇಸರ ಬಂದರೆ ಬೇಸರವೇ ಉದ್ದೇಶ, ಮರೆತರೆ ಮರೆವೇ ಉದ್ದೇಶ, ಒಬ್ಬಳಿಂದ ಇನ್ನೊಬ್ಬಳನ್ನು ಬೇರ್ಪಡಿಸಲಾಗದಿದ್ದರೆ ಅದೂ ಉದ್ದೇಶ. ಸೋಲುವ ಸಾಧ್ಯತೆಯೇ ಇಲ್ಲದ ತಂತ್ರವನ್ನು ಗೆದ್ದಿತೆಂದು ಹೇಳುವುದರಲ್ಲಿ ಅರ್ಥವಿಲ್ಲ. ಓದುಗ ತನ್ನ ನಿರ್ಲಕ್ಷ್ಯಕ್ಕೆ ನಾಚಿಕೊಂಡ ಎಂದೇ ಇಟ್ಟುಕೊಳ್ಳೋಣ. ಅಲ್ಲಿ ನಡೆದದ್ದು ಓದುಗನ ಆತ್ಮಶೋಧ, ಸತ್ತವಳು ಅದಕ್ಕೆ ನೆಪ. ಸ್ಮಾರಕ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ತಾನು ಏನು ಮಾಡಬಲ್ಲೆ ಎಂಬುದನ್ನು ಬೊಲಾನ್ಯೊ ಒಂದು ಕಡೆ ತೋರಿಸಿದ್ದಾನೆ, ಅದು ಪೊಲೀಸರ ಬೆಳಗಿನ ಉಪಾಹಾರದ ದೃಶ್ಯ. ರಾತ್ರಿಪಾಳಿ ಮುಗಿಸಿದ ಪೊಲೀಸರು ಹೋಟೆಲೊಂದರಲ್ಲಿ ಸೇರುತ್ತಾರೆ. ಒಬ್ಬ ಹೆಂಗಸರ ಮೇಲಿನ ನಗೆಹನಿ ಹೇಳಲು ಶುರು ಮಾಡುತ್ತಾನೆ. ಒಂದು, ಇನ್ನೊಂದು, ಮತ್ತೊಂದು. ಹೆಣ್ಣಿನ ಬುದ್ಧಿ, ಹೆಣ್ಣಿನ ಮೈ, ಹೆಣ್ಣಿಗೆ ಬೀಳಬೇಕಾದ ಏಟು. ತಟ್ಟೆಯ ಮೊಟ್ಟೆ ಆರುತ್ತದೆ, ನಗುವವರು ನಗುತ್ತಾರೆ, ಪುಟಗಳು ಕಳೆಯುತ್ತವೆ, ಪಟ್ಟಿ ನಿಲ್ಲುವುದಿಲ್ಲ. ಶವಗಳ ಪಟ್ಟಿಯ ವ್ಯಾಕರಣವೇ ಇಲ್ಲಿಯೂ ಇದೆ: ಒಂದೇ ಅಚ್ಚಿನ ವಾಕ್ಯ, ಒಂದೇ ಲಯ, ಹೆಸರಿಲ್ಲದ ಹೆಣ್ಣು. ಒಂದು ಪಟ್ಟಿ ಇನ್ನೊಂದನ್ನು ಹೇಗೆ ಸಾಧ್ಯವಾಗಿಸುತ್ತದೆ ಎಂದು ಯಾವ ವ್ಯಾಖ್ಯಾನವೂ ಇಲ್ಲದೆ ನಮಗೆ ಗೊತ್ತಾಗುತ್ತದೆ. ಇಡೀ ‘2666’ರಲ್ಲಿ ಇದಕ್ಕಿಂತ ಭೀಕರವಾದ ಪುಟಗಳಿಲ್ಲ ಎನ್ನಬಹುದು, ಅಲ್ಲಿ ಒಂದು ತೊಟ್ಟು ರಕ್ತವೂ ಇಲ್ಲ. ಈ ದೃಶ್ಯ ಗೆದ್ದದ್ದು ಏಕೆಂದು ನೋಡಬೇಕು. ಇಲ್ಲಿನ ಪಟ್ಟಿಗೆ ಬಾಯಿ ಇದೆ. ಹೇಳುವವನು ಯಾರು, ಕೇಳುವವರು ಯಾರು, ಯಾರು ನಕ್ಕರು, ಯಾರು ತಲೆ ತಗ್ಗಿಸಿ ತಿಂದರು ಎಂಬುದೆಲ್ಲ ಇದೆ. ಆದ್ದರಿಂದ ಹೊಣೆಯೂ ಇದೆ. ಶವಗಳ ಪಟ್ಟಿಗೆ ಇದ್ಯಾವುದೂ ಇಲ್ಲ. ತನ್ನ ಅತ್ಯುತ್ತಮ ದೃಶ್ಯದಲ್ಲಿ ಬೊಲಾನ್ಯೊ ಬಳಸಿದ ನಿಯಮವನ್ನು ಇಡೀ ಭಾಗದ ಬೆನ್ನೆಲುಬಿನಲ್ಲಿ ಕೈಬಿಟ್ಟಿದ್ದಾನೆ.

ಮಾತಾಡುವ ಹೆಂಗಸರೇ ಇಲ್ಲವೇ ಎಂದರೆ ಇದ್ದಾರೆ. ಟೀವಿಯಲ್ಲಿ ಮೈದುಂಬಿ ಕೊಲೆಗಳ ಬಗ್ಗೆ ಕೂಗುವ ದರ್ಶಿನಿ ಫ್ಲೋರಿತಾ ಅಲ್ಮಾದಾ ಇದ್ದಾಳೆ, ಭಯಗಳ ವಿಧಗಳನ್ನು ಒಂದೊಂದಾಗಿ ಹೆಸರಿಸುವ ವೈದ್ಯೆ ಎಲ್ವಿರಾ ಕಾಂಪೊಸ್ ಇದ್ದಾಳೆ. ಎಲ್ಲಕ್ಕಿಂತ ದೀರ್ಘವಾಗಿ ಮಾತಾಡುವವಳು ಸಂಸದೆ ಅಸುಸೇನಾ ಎಸ್ಕಿವೆಲ್ ಪ್ಲಾತಾ. ಸಾಂತಾ ತೆರೆಸಾದಲ್ಲಿ ಕಾಣೆಯಾದ ತನ್ನ ಬಾಲ್ಯದ ಗೆಳತಿ ಕೆಲ್ಲಿಯ ಕಥೆಯನ್ನು ಅವಳು ಪತ್ರಕರ್ತನಿಗೆ ಪುಟಗಟ್ಟಲೆ ಹೇಳುತ್ತಾಳೆ. ಕೆಲ್ಲಿಗೆ ಬಾಲ್ಯವಿದೆ, ಹೆಸರು ಬದಲಿಸಿಕೊಂಡ ಹಟವಿದೆ, ಗೆಳೆತನವಿದೆ, ಪಾಪಗಳೂ ಇವೆ. ಹೆಣ್ಣೊಬ್ಬಳನ್ನು ಇನ್ನೊಬ್ಬ ಹೆಣ್ಣು ನೆನೆಯುವುದು ಎಂದರೇನು ಎಂದು ತೋರಿಸುವ ಪುಟಗಳು ಇವು. ಆದರೆ ಕೆಲ್ಲಿ ಶ್ರೀಮಂತ ವರ್ಗದವಳು, ಅವಳಿಗಾಗಿ ಖಾಸಗಿ ಪತ್ತೇದಾರನನ್ನು ನೇಮಿಸುವಷ್ಟು ಶಕ್ತಿ ಇರುವವಳು ಅವಳ ಗೆಳತಿ, ಮತ್ತು ಕೆಲ್ಲಿಯ ಹೆಣ ಪಟ್ಟಿಯಲ್ಲಿ ಇಲ್ಲ. ಪಟ್ಟಿಗೆ ಸೇರಿದ ಕಾರ್ಖಾನೆಯ ಹುಡುಗಿಯರಿಗೆ ಒಂದೊಂದು ನಮೂದು. ಪಟ್ಟಿಯಲ್ಲಿಲ್ಲದ ಸಂಸದೆಯ ಗೆಳತಿಗೆ ಒಂದು ಕಥೆ. ರಾಜ್ಯವ್ಯವಸ್ಥೆ ಮಾಡುವ ವರ್ಗಭೇದವನ್ನು ಕಾದಂಬರಿ ಬಯಲು ಮಾಡುತ್ತದೆ ಎನ್ನುವವರು, ಕಾದಂಬರಿಯ ರಚನೆಯೇ ಅದನ್ನು ಇನ್ನೊಮ್ಮೆ ಮಾಡುತ್ತದೆ ಎಂಬುದನ್ನೂ ಗಮನಿಸಬೇಕಿತ್ತು.

ಏಕೆ ಗಮನಿಸಲಿಲ್ಲ? ಇಲ್ಲಿ ಬೊಲಾನ್ಯೊ ವಿಮರ್ಶೆಯ ಎರಡು ಬಣಗಳ ಬಗ್ಗೆ ಹೇಳಲೇಬೇಕು. ಒಂದು ಭಕ್ತರದು; ಅವರ ಮಾತು ಮೇಲೆ ಬಂತು. ಇನ್ನೊಂದು, ಕೀರ್ತಿಯನ್ನೇ ಅನುಮಾನಿಸುವವರದು. 2009ರಲ್ಲಿ ಸಾರಾ ಪೊಲಾಕ್, ಬೊಲಾನ್ಯೊನ ಇನ್ನೊಂದು ಕಾದಂಬರಿ ‘ದಿ ಸ್ಯಾವೇಜ್ ಡಿಟೆಕ್ಟಿವ್ಸ್’ ಅಮೆರಿಕದಲ್ಲಿ ಪಡೆದ ಸ್ವಾಗತವನ್ನು ಪರಿಶೀಲಿಸಿ, ಮಾಂತ್ರಿಕ ವಾಸ್ತವದ ಲ್ಯಾಟಿನ್ ಅಮೆರಿಕದ ಜಾಗಕ್ಕೆ ಈಗ ದಾರಿ ತಪ್ಪಿದ ಯೌವನದ, ಹಿಂಸೆಯ, ರಸ್ತೆ ಪಯಣದ ಲ್ಯಾಟಿನ್ ಅಮೆರಿಕ ಬಂದು ಕೂತಿದೆ ಎಂದರು. ಅದೇ ವರ್ಷ, ಬೊಲಾನ್ಯೊನ ಗೆಳೆಯನೂ ಆಗಿದ್ದ ಸಾಲ್ವಡೋರಿನ ಕಾದಂಬರಿಕಾರ ಒರಾಸಿಯೊ ಕಾಸ್ತೆಯಾನೊಸ್ ಮೊಯಾ, ಪೊಲಾಕ್ ಅವರ ವಾದವನ್ನು ಎತ್ತಿಕೊಂಡು ಅರ್ಜೆಂಟಿನಾದ ‘ಲಾ ನಾಸಿಯೊನ್’ ಪತ್ರಿಕೆಯಲ್ಲಿ ಬರೆದರು: ಸಮುದ್ರದ ಬದಿಯ ಪುಟ್ಟ ಊರಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದು ದಿನವೂ ಬರೆಯುತ್ತಿದ್ದ ಲೇಖಕನನ್ನು ಪ್ರಕಾಶಕರು ಉದ್ದಗೂದಲಿನ ಬಂಡುಕೋರನಾಗಿ ಮಾರಿದ್ದಾರೆ ಎಂದು. ಮಾರುಕಟ್ಟೆಯ ಬಗ್ಗೆ ಇವರಿಬ್ಬರೂ ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ನನ್ನ ತಕರಾರು ಈ ವಾದವನ್ನು ಅವರ ನಂತರದವರು ಬಳಸಿದ ಬಗೆಗೆ. ಜಾಕೆಟ್ ತೊಟ್ಟ ಬೊಲಾನ್ಯೊನ ಹಳೆಯ ಫೋಟೊ ಹೇಗೆ ಮಾರಾಟವಾಯಿತು ಎಂದು ಚರ್ಚಿಸುತ್ತ, ಪುಸ್ತಕದ ಒಳಗೆ ಏನಿದೆ ಎಂಬ ಪ್ರಶ್ನೆಯನ್ನು ಅವರು ಭಕ್ತರಿಗೇ ಬಿಟ್ಟುಕೊಟ್ಟರು. ಬೊಲಾನ್ಯೊ ಹೇಗೆ ಪ್ರಸಿದ್ಧನಾದ ಎಂಬುದಕ್ಕೆ ಉತ್ತರ ಸಿಕ್ಕಿತು. ಪ್ರಸಿದ್ಧಿ ಎಷ್ಟರ ಮಟ್ಟಿಗೆ ಸರಿ ಎಂಬುದಕ್ಕೆ ಸಿಗಲಿಲ್ಲ. ಮಾರಾಟದ ಕಥೆಯನ್ನು ಬಯಲು ಮಾಡುವುದರಿಂದ ಕೃತಿಯ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕೆಟ್ಟ ಕಾರಣಕ್ಕೆ ಮಾರಾಟವಾದ ಒಳ್ಳೆಯ ಪುಸ್ತಕಗಳಿವೆ, ಒಳ್ಳೆಯ ಕಾರಣಕ್ಕೆ ಮೆಚ್ಚಿಕೊಂಡ ಸಾಧಾರಣ ಪುಸ್ತಕಗಳಿವೆ. ಅನುವಾದಕಿ ವಿಮರ್ ಅವರನ್ನು ಈ ವ್ಯಾಪಾರದ ಪಾಲುದಾರರಂತೆ ನೋಡುವ ಒಂದು ಧಾಟಿಯೂ ಇದರ ಜೊತೆ ಬೆಳೆದದ್ದು ಅನ್ಯಾಯ. ನಮ್ಮಲ್ಲಿ ಈ ಕಾದಂಬರಿಯನ್ನು ಓದಿರುವ ಬಹುಪಾಲು ಜನ ಅವರ ಇಂಗ್ಲಿಷಿನಲ್ಲೇ ಓದಿರುವುದು. ನಾಲ್ಕನೆಯ ಭಾಗದ ಏಕತಾನವನ್ನು ಅವರು ಒಪ್ಪಮಾಡಿ ಚೆಂದಗಾಣಿಸಲು ಹೋಗಿಲ್ಲ. ಆ ಶಿಸ್ತು ಇಲ್ಲದಿದ್ದರೆ ಮೂಲದ ಬಲವೂ ಮಿತಿಯೂ ಎರಡೂ ನಮಗೆ ಕಾಣುತ್ತಿರಲಿಲ್ಲ.

ಮಿತಿ ಎಂದರೆ ಇನ್ನೊಂದು ದಾರಿ ಇತ್ತು ಎಂದಾಯಿತು. ಆ ದಾರಿಯನ್ನು ತೋರಿಸಿದವರಲ್ಲಿ ಮೊದಲಿಗರಾಗಿ ನಾನು ಎಣಿಸುವುದು ಬೆರಾಕ್ರುಸ್‌ನ ಫೆರ್ನಾಂದಾ ಮೆಲ್ಚೋರ್ ಅವರನ್ನು. 2017ರಲ್ಲಿ ಬಂದ ಅವರ ‘ತೆಂಪೊರಾದಾ ದೆ ಉರಾಕಾನೆಸ್’, ಅಂದರೆ ಚಂಡಮಾರುತಗಳ ಕಾಲ, ಸೋಫಿ ಹ್ಯೂಸ್ ಅವರ ಇಂಗ್ಲಿಷ್ ಅನುವಾದದಲ್ಲಿ 2020ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಇದರ ಆರಂಭವೂ ನಾಲ್ಕನೆಯ ಭಾಗದಂತೆಯೇ: ಆಟವಾಡುವ ಹುಡುಗರು, ನೀರಾವರಿ ಕಾಲುವೆ, ತೇಲುವ ಹೆಣ. ಇದರ ಬೇರೂ ಪತ್ರಿಕೆಯ ಅಪರಾಧ ಪುಟದಲ್ಲೇ ಇದೆ. ಮೆಲ್ಚೋರ್ ಸ್ವತಃ ಪತ್ರಕರ್ತೆ. ಮಾಟಗಾತಿಯೆಂದು ಹೆಸರಾದ ಒಬ್ಬರ ಕೊಲೆಯ ಸುದ್ದಿಯನ್ನು ಮೊದಲು ವರದಿಯಾಗಿ ಬರೆಯಲು ಯೋಚಿಸಿ ಆಮೇಲೆ ಕಾದಂಬರಿಗೆ ತಿರುಗಿದವರು. ಆ ತಿರುವಿನಲ್ಲೇ ಎಲ್ಲ ಇದೆ. ಎಂಟು ಅಧ್ಯಾಯಗಳು, ಒಳಗೆ ಪ್ಯಾರಾಗಳಿಲ್ಲ, ಉಸಿರು ಬಿಡಲು ಜಾಗವಿಲ್ಲ, ಲಾ ಮತೋಸಾ ಎಂಬ ಹಳ್ಳಿಯ ಚಾಡಿ, ಬೈಗುಳ, ಶಾಪ, ಸುಳ್ಳು ಎಲ್ಲವೂ ನಿರೂಪಣೆಯೊಳಗೆ ನುಗ್ಗುತ್ತವೆ. ಪ್ರತಿ ವಾಕ್ಯಕ್ಕೂ ಯಾರದೋ ಬಾಯಿ ಇದೆ, ಆ ಬಾಯಿಗೆ ಒಂದು ಸ್ವಾರ್ಥವಿದೆ. ಮಲತಂದೆಯಿಂದ ಬಸಿರಾಗಿ ಮನೆ ಬಿಟ್ಟ ಹದಿಮೂರರ ನೋರ್ಮಾಳ ಅಧ್ಯಾಯವನ್ನು ಹದಿಮೂರರ ಎಸ್ಪೆರಾನ್ಸಾಳ ನಮೂದಿನ ಪಕ್ಕ ಇಟ್ಟು ಓದಿ. ಎಸ್ಪೆರಾನ್ಸಾಳಿಗೆ ಏನಾಯಿತೆಂದು ವೈದ್ಯರ ವರದಿ ಹೇಳುತ್ತದೆ. ನೋರ್ಮಾಳಿಗೆ ಏನಾಯಿತೆಂದು ನೋರ್ಮಾಳಿಗೆ ಗೊತ್ತಿದೆ. ತನ್ನದೇ ತಪ್ಪೆಂದು ಅವಳು ನಂಬಿದ್ದಾಳೆ, ಆ ನಂಬಿಕೆ ಎಷ್ಟು ಸುಳ್ಳೆಂದು ನಮಗೆ ತಿಳಿಯುತ್ತದೆ, ಆದರೂ ಅವಳನ್ನು ಅದರಿಂದ ಬಿಡಿಸಲಾಗದೆ ಕೂರುತ್ತೇವೆ. ಕೊಲೆಯಾದವಳು ಮಾತಾಡದೆ ಇತರರ ಬಾಯಲ್ಲೇ ಉಳಿಯುತ್ತಾಳೆ, ಅದು ನಿಜ. ಆದರೆ ಯಾರ ಬಾಯಲ್ಲಿ, ಯಾವ ಲಾಭಕ್ಕೆ ಎಂಬುದನ್ನು ಕಾದಂಬರಿ ಮರೆಸುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ವಾರಸುದಾರರಿಲ್ಲದ ಶವಗಳನ್ನು ಹೂಳುವ ಮುದುಕನೊಬ್ಬ ಬರುತ್ತಾನೆ. ಗುಂಡಿಗೆ ಇಳಿಸಿದ ಹೆಣಗಳನ್ನು ಅವನು ಮಾತಾಡಿಸುತ್ತಾನೆ, ಹೆದರಬೇಡಿ ಎನ್ನುತ್ತಾನೆ, ಹೋಗಬೇಕಾದ ದಾರಿ ತೋರಿಸುತ್ತಾನೆ. ‘2666’ರಲ್ಲಿ ನೂರಕ್ಕೂ ಹೆಚ್ಚು ಹೆಣಗಳಿವೆ, ನಿರೂಪಣೆ ಅವುಗಳ ಬಗ್ಗೆ ಮಾತಾಡುತ್ತದೆ, ಅವುಗಳೊಡನೆ ಆಡುವುದಿಲ್ಲ.

ಎರಡನೆಯ ಹೆಸರು ಕ್ರಿಸ್ತಿನಾ ರಿವೇರಾ ಗಾರ್ಸಾ. ಅವರ ತಂಗಿ, ವಾಸ್ತುಶಿಲ್ಪದ ವಿದ್ಯಾರ್ಥಿನಿ ಲಿಲಿಯಾನಾ, 1990ರ ಜುಲೈಯಲ್ಲಿ ಮೆಕ್ಸಿಕೊ ನಗರದಲ್ಲಿ ಕೊಲೆಯಾದಳು. ಹೆಣ್ಣೆಂಬ ಕಾರಣಕ್ಕೆ ನಡೆಯುವ ಕೊಲೆಯನ್ನು ಪ್ರತ್ಯೇಕ ಅಪರಾಧವೆಂದು ಅಲ್ಲಿನ ಒಕ್ಕೂಟ ದಂಡಸಂಹಿತೆ ಒಪ್ಪಿದ್ದು 2012ರಲ್ಲಿ, ಅಂದರೆ ಇಪ್ಪತ್ತೆರಡು ವರ್ಷಗಳ ನಂತರ. 2019ರಲ್ಲಿ ರಿವೇರಾ ಗಾರ್ಸಾ ಪೊಲೀಸ್ ಕಡತ ಹುಡುಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು, ಕಡತ ಸಿಗಲಿಲ್ಲ. 2021ರ ಅವರ ಪುಸ್ತಕ ‘ಎಲ್ ಇನ್ವೆನ್ಸಿಬ್ಲೆ ವೆರಾನೊ ದೆ ಲಿಲಿಯಾನಾ’ ಹುಟ್ಟಿದ್ದು ಆ ಇಲ್ಲದ ಕಡತದಿಂದ. ಲಿಲಿಯಾನಾಳ ಪತ್ರಗಳು, ಚೀಟಿಗಳು, ಟಿಪ್ಪಣಿಗಳು, ಗೆಳೆಯರ ನೆನಪುಗಳು ಸೇರಿ ಅಲ್ಲಿ ಬೇರೆಯದೇ ದಾಖಲೆ ಕಟ್ಟಿಕೊಳ್ಳುತ್ತದೆ. ಅದರಲ್ಲಿ ಮೊದಲು ಬರುವುದು ನಗುವ, ಪ್ರೀತಿಸುವ, ಜಗಳವಾಡುವ ಹುಡುಗಿ. ಇಂಗ್ಲಿಷ್ ರೂಪವನ್ನೂ ಲೇಖಕಿಯೇ ಬರೆದರು, ಅದಕ್ಕೆ 2024ರ ಪುಲಿಟ್ಜರ್ ಬಂತು. ಇದು ಕಾದಂಬರಿಯಲ್ಲ, ತಂಗಿಯನ್ನು ಕಳೆದುಕೊಂಡವಳ ಬರಹ, ಬೊಲಾನ್ಯೊ ಜೊತೆ ಇದನ್ನು ತೂಗುವುದು ಸರಿಯಲ್ಲ ಎನ್ನಬಹುದು. ಪ್ರಕಾರ ಬೇರೆ ಎಂಬುದು ಸರಿ. ಆದರೆ ಸತ್ತವಳನ್ನು ಎಲ್ಲಿಂದ ಹೇಳಲು ತೊಡಗಬೇಕು, ಹೆಣದಿಂದಲೋ ಬದುಕಿನಿಂದಲೋ ಎಂಬ ಪ್ರಶ್ನೆ ಎರಡಕ್ಕೂ ಒಂದೇ. ನೂರು ಜನರಿಗೆ ನೂರು ಬದುಕು ಬರೆಯುವುದು ಅಸಾಧ್ಯ ಎಂಬ ಕೊನೆಯ ಸಮರ್ಥನೆಗೂ ಇಲ್ಲೇ ಉತ್ತರವಿದೆ. ನೂರನ್ನು ಯಾರೂ ಕೇಳುತ್ತಿಲ್ಲ. ಸಾವಿರದ ನೂರು ಪುಟಗಳ ಕಾದಂಬರಿಯಲ್ಲಿ, ಕಾರ್ಖಾನೆಯ ಒಬ್ಬ ಹುಡುಗಿಗೆ, ಲಾಲೊ ಕೂರಾನಿಗೆ ಸಿಕ್ಕಷ್ಟು ವರ್ತಮಾನ ಸಿಗಬಹುದಿತ್ತು.

ಆದ್ದರಿಂದ ನನ್ನ ತೀರ್ಪು ಹೀಗೆ. ‘2666’ರ ನಾಲ್ಕನೆಯ ಭಾಗ ಪೊಲೀಸರ ಬಗ್ಗೆ, ಗಂಡಸರ ಗುಂಪಿನ ಬಗ್ಗೆ, ಫೈಲು ಮುಚ್ಚುವ ಕೈಯ ಬಗ್ಗೆ ಬಂದಿರುವ ಅತ್ಯಂತ ಕಠೋರ ಕಥನಗಳಲ್ಲಿ ಒಂದು, ಆ ಕಾರಣಕ್ಕೆ ಅದು ಉಳಿಯುತ್ತದೆ, ಉಳಿಯಬೇಕು. ಕೊಲೆಯಾದ ಹೆಂಗಸರಿಗೆ ಕಟ್ಟಿದ ಸ್ಮಾರಕ ಎಂಬ ಬಿರುದನ್ನು ಮಾತ್ರ ಅದರಿಂದ ತೆಗೆಯಬೇಕು, ಅದು ಆ ಕೆಲಸವನ್ನು ಮಾಡಿಲ್ಲ. ಮೆಲ್ಚೋರ್, ರಿವೇರಾ ಗಾರ್ಸಾ ಅವರನ್ನು ‘ಬೊಲಾನ್ಯೊ ನಂತರದವರು’ ಎಂದು ಪುಸ್ತಕದ ಬೆನ್ನಿನ ಮೇಲೆ ಅಚ್ಚುಹಾಕುವುದು ಈ ಪುಸ್ತಕಗಳನ್ನು 2004ರ ನಂತರ ಬರೆದರು ಎಂಬರ್ಥದಲ್ಲಿ ಮಾತ್ರ ನಿಜ. ಇಂಥ ಕೊಲೆಗಳ ಬಗ್ಗೆ ಒಂದೇ ಪುಸ್ತಕ ಓದುವಷ್ಟು ವ್ಯವಧಾನವಿರುವ ಓದುಗರು ಸಾವಿರದ ನೂರು ಪುಟಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಸೋಫಿ ಹ್ಯೂಸ್ ಅವರ ಅನುವಾದದಲ್ಲಿ ಮೆಲ್ಚೋರ್ ಅವರ ಕಾದಂಬರಿಯನ್ನು ಓದಲಿ. ಆಮೇಲೆ ಬೊಲಾನ್ಯೊನನ್ನು ಓದಿದರೆ ಅವನು ಏನು ಮಾಡಿದ್ದಾನೆ, ಏನು ಮಾಡಿಲ್ಲ ಎಂಬುದು ಯಾವ ವಿಮರ್ಶಕನ ನೆರವೂ ಇಲ್ಲದೆ ಗೊತ್ತಾಗುತ್ತದೆ.